ಸುಲೇಮಾನಿಯೆ ಮಸೀದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಸ್ತಾಂಬುಲ್‌ಗೆ ಹೋಗಿಬಂದವರ ಫೋಟೋಗಳಲ್ಲಿ ಹಿಂದೆ ಚರ್ಚಾಗಿ ಕಟ್ಟಿದ್ದ ಹಾಗಿಯಾ ಸೋಫಿಯಾ ಇದ್ದೇ ಇರುತ್ತದೆ, ನೀಲಿ ಮಸೀದಿಯೂ ಇರುತ್ತದೆ. ಸುಲೇಮಾನಿಯೆ ಮಾತ್ರ ಎಷ್ಟೋ ಸಲ ದೋಣಿಯಿಂದ ತೆಗೆದ ಚಿತ್ರದ ಹಿನ್ನೆಲೆಯಲ್ಲಷ್ಟೇ ಉಳಿಯುತ್ತದೆ. ಆ ಊರಿನಲ್ಲಿ ಒಂದೇ ಒಂದು ಕಟ್ಟಡ ನೋಡಲು ಸಮಯವಿದ್ದರೆ ನೋಡಬೇಕಾದ್ದು ಇದನ್ನೇ ಅನ್ನೋದು ನನ್ನ ಅಭಿಪ್ರಾಯ. ಭಾರ, ಹೊಗೆ, ಸದ್ದು, ಊಟ ಎಲ್ಲಕ್ಕೂ ಇಲ್ಲಿ ಮೊದಲೇ ಒಂದು ದಾರಿ ಮಾಡಿಟ್ಟಿದ್ದಾರೆ. ಹೊಸಬರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮತ್ತು ಉತ್ತರಗಳು ಇಲ್ಲಿವೆ.

ಇದನ್ನು ಕಟ್ಟಿಸಿದ್ದು ಯಾರು, ಯಾವಾಗ?

ಒಟ್ಟೋಮನ್ ಸುಲ್ತಾನ ಮೊದಲನೇ ಸುಲೇಮಾನ್. 1520ರಿಂದ 1566ರವರೆಗೆ ಆಳಿದವನು. ತುರ್ಕರು ಇವತ್ತಿಗೂ ಅವನನ್ನು ‘ಕಾನೂನಿ’, ಅಂದರೆ ಕಾನೂನು ಕೊಟ್ಟವನು, ಎಂದೇ ಕರೆಯುತ್ತಾರೆ. ಕೆಲಸ 1550ರಲ್ಲಿ ಶುರುವಾಯಿತು, 1557ರಲ್ಲಿ ಮಸೀದಿ ತೆರೆಯಿತು. ಇಷ್ಟು ದೊಡ್ಡ ಕಟ್ಟಡಕ್ಕೆ ಏಳು ವರ್ಷ ಅಂದರೆ ಬಹಳ ಬೇಗ.

ಜಾಗ ಇಸ್ತಾಂಬುಲ್‌ನ ಮೂರನೇ ಗುಡ್ಡ. ಅಲ್ಲಿ ಎರಡನೇ ಮೆಹ್ಮೆದ್ ಕಟ್ಟಿಸಿದ್ದ ಹಳೆಯ ಅರಮನೆ ಇತ್ತು. ಅದರ ತೋಟದ ಒಂದು ಭಾಗವನ್ನು ಮಸೀದಿಗೆ ಬಿಟ್ಟುಕೊಟ್ಟರು. ಗುಡ್ಡ ಒಂದು ಕಡೆ ಗೋಲ್ಡನ್ ಹಾರ್ನ್ ಎಂಬ ಕಡಲ ಚಾಚಿನತ್ತ ಕಡಿದಾಗಿ ಇಳಿಯುತ್ತದೆ. ಆ ಕಡೆ ಎತ್ತರದ ತಡೆಗೋಡೆ ಎಬ್ಬಿಸಿ, ನೆಲ ಸಮ ಮಾಡಿ, ಅದರ ಮೇಲೆ ಮಸೀದಿ ನಿಲ್ಲಿಸಿದ್ದಾರೆ. ಹಾಗಾಗಿಯೇ ಗಲಾಟಾ ಸೇತುವೆ ಮೇಲೆ ನಿಂತು ತಲೆಯೆತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಇದೇ.

ನೀಲಿ ಮಸೀದಿ ಅಂದರೆ ಇದೇನಾ?

ಅಲ್ಲ. ನೀಲಿ ಮಸೀದಿ ಅಂದರೆ ಸುಲ್ತಾನ್ ಅಹ್ಮೆದ್ ಮಸೀದಿ. ಅದು 1609ರಿಂದ 1616ರ ನಡುವೆ ಕಟ್ಟಿದ್ದು, ಮಿನಾರುಗಳು ಆರು. ಸುಲೇಮಾನಿಯೆ ಅದಕ್ಕಿಂತ ಅರ್ಧ ಶತಮಾನ ಹಳೆಯದು, ಮಿನಾರುಗಳು ನಾಲ್ಕು.

ಸಿನಾನ್ ಅನ್ನೋ ಹೆಸರು ಎಲ್ಲ ಕಡೆ ಬರುತ್ತದಲ್ಲ, ಯಾರು ಆತ?

ಮಿಮಾರ್ ಸಿನಾನ್. ‘ಮಿಮಾರ್’ ಅಂದರೆ ವಾಸ್ತುಶಿಲ್ಪಿ. ಕೈಸೇರಿ ಹತ್ತಿರದ ಆಯರ್ನಾಸ್ ಎಂಬ ಹಳ್ಳಿಯ ಕ್ರೈಸ್ತ ಮನೆತನದಲ್ಲಿ ಹುಟ್ಟಿದವನು. ಆಗಿನ ಪದ್ಧತಿಯಂತೆ ಹುಡುಗನನ್ನು ಸುಲ್ತಾನನ ಸೇವೆಗೆ ಎತ್ತಿಕೊಂಡು, ಮತಾಂತರ ಮಾಡಿಸಿ, ಜಾನಿಸರಿ ಎಂಬ ಸುಲ್ತಾನನ ಖಾಸಾ ಕಾಲಾಳು ಸೈನ್ಯಕ್ಕೆ ಸೇರಿಸಿದರು. ದಂಡಯಾತ್ರೆಗಳಲ್ಲಿ ಸೇತುವೆ, ದೋಣಿ ಕಟ್ಟುತ್ತಾ ಕೆಲಸ ಕಲಿತ. 1530ರ ದಶಕದ ಕೊನೆಯಲ್ಲಿ ಆಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ. 1588ರಲ್ಲಿ ಸಾಯುವವರೆಗೂ, ಮೂವರು ಸುಲ್ತಾನರ ಕಾಲಕ್ಕೆ, ಅದೇ ಹುದ್ದೆಯಲ್ಲಿದ್ದ. ಅವನ ಹೆಸರಿನಲ್ಲಿರುವ ಪಟ್ಟಿಗಳಲ್ಲಿ ನಾನೂರಕ್ಕೂ ಹೆಚ್ಚು ಕಟ್ಟಡಗಳಿವೆ.

ಶೆಹ್ಜಾದೆ ಮಸೀದಿ ತಾನು ಶಿಷ್ಯನಾಗಿದ್ದಾಗಿನ ಕೆಲಸ, ಸುಲೇಮಾನಿಯೆ ಕೈ ಪಳಗಿದ ಕಸುಬುದಾರನ ಕೆಲಸ, ಎದಿರ್ನೆ ಊರಿನ ಸೆಲಿಮಿಯೆ ಮಸೀದಿ ಗುರುವಿನ ಕೆಲಸ ಎಂದು ಸಿನಾನ್ ಹೇಳಿದನೆಂಬ ಮಾತು ತುರ್ಕಿಯಲ್ಲಿ ಎಲ್ಲರ ಬಾಯಲ್ಲೂ ಇದೆ. ತಾಂತ್ರಿಕವಾಗಿ ಸೆಲಿಮಿಯೆ ಮುಂದಿದೆ, ಒಪ್ಪೋಣ. ಆದರೆ ಒಂದು ಇಡೀ ಬಡಾವಣೆಯನ್ನೇ ಯೋಚಿಸಿ ಕಟ್ಟಿದ್ದು ಇಲ್ಲಿ. ನನಗೆ ಅದೇ ದೊಡ್ಡದು.

ಇದು ಹಾಗಿಯಾ ಸೋಫಿಯಾದ ನಕಲು ಅಂತಾರೆ. ನಿಜವೇ?

ನಕ್ಷೆ ನೋಡಿದರೆ ಹಾಗೇ ಅನ್ನಿಸುತ್ತದೆ. ನಡುವೆ ದೊಡ್ಡ ಗುಮ್ಮಟ, ಹಿಂದೊಂದು ಮುಂದೊಂದು ಅರ್ಧ ಗುಮ್ಮಟ, ಎರಡು ಪಕ್ಕಗಳಲ್ಲಿ ಕಿಟಕಿ ತುಂಬಿದ ಭಾರಿ ಕಮಾನುಗಳು. 537ರಲ್ಲಿ ಮುಗಿದ ಹಾಗಿಯಾ ಸೋಫಿಯಾದ ಲೆಕ್ಕಾಚಾರವೂ ಇದೇ. ಅದೇ ಊರಿನ ಬಾಯಜೀದ್ ಮಸೀದಿಯಲ್ಲೂ ಈ ಕ್ರಮವೇ ಇದೆ. ಶೆಹ್ಜಾದೆಯಲ್ಲಿ ನಾಲ್ಕೂ ಕಡೆ ಅರ್ಧ ಗುಮ್ಮಟ ಇಟ್ಟಿದ್ದ ಸಿನಾನ್ ಇಲ್ಲಿ ಎರಡಕ್ಕೆ ಇಳಿದಿದ್ದಾನೆ. ಅಂದರೆ ಹಳೆಯ ಕಟ್ಟಡವನ್ನು ನೇರವಾಗಿ ಎದುರು ಹಾಕಿಕೊಳ್ಳಬೇಕೆಂದೇ ಈ ಕ್ರಮ ಆರಿಸಿದ್ದು ಅಂತ ಅನ್ನಿಸುತ್ತದೆ.

ಗಾತ್ರದಲ್ಲಿ ಸುಲೇಮಾನಿಯೆ ಗೆಲ್ಲುವುದಿಲ್ಲ. ಇದರ ಗುಮ್ಮಟದ ಅಗಲ ಸುಮಾರು 26.5 ಮೀಟರ್, ಎತ್ತರ 53 ಮೀಟರ್. ಹಾಗಿಯಾ ಸೋಫಿಯಾದ್ದು ಅಗಲ ಸುಮಾರು 31, ಎತ್ತರ 55 ದಾಟುತ್ತದೆ. ಆದರೆ ಇಲ್ಲಿನ ಎರಡು ಅಂಕಿ ಇನ್ನೊಮ್ಮೆ ನೋಡಿ. ಅಗಲದ ಸರಿಯಾಗಿ ಎರಡು ಪಟ್ಟು ಎತ್ತರ. ಒಳಗೆ ನಿಂತಾಗ ಯಾವುದೂ ಮೈಮೇಲೆ ಬಿದ್ದಂತೆ ಅನ್ನಿಸುವುದಿಲ್ಲ. ಎಲ್ಲವೂ ಅಳತೆಯಲ್ಲಿದೆ ಅನ್ನಿಸುತ್ತದೆ.

ದೊಡ್ಡ ವ್ಯತ್ಯಾಸ ಪಕ್ಕಗಳಲ್ಲಿ. ಹಾಗಿಯಾ ಸೋಫಿಯಾದಲ್ಲಿ ಪಕ್ಕದ ಓಣಿಗಳನ್ನು ಕಂಬಸಾಲು, ಮೇಲಂತಸ್ತು ಎಲ್ಲ ಸೇರಿ ಮರೆಮಾಡುತ್ತವೆ. ನಡುಮನೆ ಬೇರೆ, ಪಕ್ಕದ ಮನೆ ಬೇರೆ ಅನ್ನೋ ಹಾಗೆ. ಸಿನಾನ್ ಆ ಅಡ್ಡಗಳನ್ನು ತೆಗೆದುಹಾಕಿದ. ಒಂದೊಂದು ಪಕ್ಕಕ್ಕೆ ಎರಡೇ ಎತ್ತರದ ಕಂಬ, ಮೂರು ಕಮಾನು. ಸುಮಾರು 59 ಮೀಟರ್ ಉದ್ದ, 58 ಮೀಟರ್ ಅಗಲದ ಒಂದೇ ಹಜಾರವಾಯಿತು. ಸಾಲಿನಲ್ಲಿ ಎಲ್ಲಿ ಕೂತರೂ ನಮಾಜು ಮಾಡುವವರಿಗೆ ಎದುರಿನ ಗೋಡೆ ಕಾಣಬೇಕು ಅನ್ನೋದು ಉದ್ದೇಶ. ಇಂಥದ್ದನ್ನು ನಕಲು ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ.

ಅಷ್ಟು ದೊಡ್ಡ ಗುಮ್ಮಟದ ಭಾರ ಎಲ್ಲಿ ಹೋಗುತ್ತದೆ?

ಇದು ನನ್ನ ಇಷ್ಟದ ಪ್ರಶ್ನೆ.

ಗುಮ್ಮಟ ಬರೀ ಕೆಳಕ್ಕೆ ಒತ್ತುವುದಿಲ್ಲ, ಸುತ್ತಲೂ ಹೊರಕ್ಕೆ ತಳ್ಳುತ್ತದೆ. ಆ ತಳ್ಳಾಟ ತಡೆಯದಿದ್ದರೆ ಗೋಡೆಗಳು ಬಿಚ್ಚಿಕೊಳ್ಳುತ್ತವೆ. ಉದ್ದದ ದಿಕ್ಕಿನಲ್ಲಿ ಎರಡು ಅರ್ಧ ಗುಮ್ಮಟಗಳು ಅದನ್ನು ತಡೆದು, ಅವಕ್ಕಿಂತ ಚಿಕ್ಕ ಗುಮ್ಮಟಗಳಿಗೆ ದಾಟಿಸುತ್ತವೆ. ಉಳಿದದ್ದು ನಾಲ್ಕು ದೈತ್ಯ ಆಧಾರಗಂಬಗಳ ಪಾಲು. ಹೊರಗಡೆ ಆ ನಾಲ್ಕರ ನೆತ್ತಿಯ ಮೇಲೂ ಒಂದೊಂದು ಪುಟ್ಟ ಗೋಪುರ ಕಾಣುತ್ತದೆ. ಅಂದಕ್ಕೆ ಇಟ್ಟದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅವು ತೂಕದ ಕಲ್ಲುಗಳು. ಮೇಲಿನಿಂದ ಒತ್ತಿ ಹಿಡಿದು, ಕಂಬ ಹೊರಕ್ಕೆ ವಾಲದಂತೆ ನೋಡಿಕೊಳ್ಳುವುದು ಅವುಗಳ ಕೆಲಸ.

ಪಕ್ಕದ ಎರಡು ದಿಕ್ಕಿನಲ್ಲಿ ಅರ್ಧ ಗುಮ್ಮಟ ಇಲ್ಲ. ಅಲ್ಲಿ ಗೋಡೆಗೆ ಆನಿಸಿ ದಪ್ಪ ಆಸರೆಗೋಡೆ ಕಟ್ಟಲೇಬೇಕು. ಹಾಗಿಯಾ ಸೋಫಿಯಾಗೆ ಶತಮಾನಗಳುದ್ದಕ್ಕೂ ಹೊರಗಿನಿಂದ ಅಂಥ ಆಸರೆಗಳನ್ನು ಕೊಡುತ್ತಲೇ ಹೋಗಿದ್ದಾರೆ. ಅದರ ಹೊರಮೈ ಗಡುಸಾಗಿ ಕಾಣುವುದು ಅದಕ್ಕೇ. ಸಿನಾನ್ ಇಲ್ಲಿ ಆಸರೆಗೋಡೆಯ ಅರ್ಧ ದಪ್ಪವನ್ನು ಒಳಕ್ಕೆ, ಅರ್ಧವನ್ನು ಹೊರಕ್ಕೆ ಬಿಟ್ಟ. ಒಳಗೆ ಅವುಗಳ ನಡುವೆ ಒಂದು ಮೊಗಸಾಲೆ ತಂದ. ಹೊರಗೆ ಎರಡು ಅಂತಸ್ತಿನ ಮೊಗಸಾಲೆ ಕಟ್ಟಿ, ಚೆಂದದ ಕಂಬಸಾಲು ಎದುರಿಗೆ ನಿಲ್ಲಿಸಿದ. ಆ ಮೊಗಸಾಲೆಯ ಕೆಳಗೇ ವುಜೂ ಮಾಡುವ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ, ನಲ್ಲಿಗಳ ಸಾಲು. ಕಾಲು ತೊಳೆಯಲು ಕೂತವನ ತಲೆಯ ಮೇಲೆ ನೆರಳು, ಬೆನ್ನಿಗೆ ಇಡೀ ಗುಮ್ಮಟದ ತಳ್ಳಾಟ ತಡೆಯುವ ಗೋಡೆ. ಅವನಿಗೆ ಅದು ಗೊತ್ತೇ ಆಗುವುದಿಲ್ಲ.

ಒಳಗಿನ ನಾಲ್ಕು ದೊಡ್ಡ ಕಂಬಗಳಿಗೆ ಬೇರೆ ಕಥೆ ಇದೆಯಂತೆ?

ಇದೆ. ಪಕ್ಕದ ಕಮಾನುಗಳ ಕೆಳಗಿನ ಒಂಟಿ ಕಲ್ಲಿನ ಕಂಬಗಳವು. ಸಿನಾನ್ ತನ್ನ ಕವಿಮಿತ್ರ ಸಾಯಿ ಮುಸ್ತಫಾ ಚೆಲೆಬಿಗೆ ಹೇಳಿ ಬರೆಸಿದ ನೆನಪುಗಳ ಪ್ರಕಾರ, ಒಂದು ಇಸ್ತಾಂಬುಲ್‌ನಲ್ಲೇ ನಿಂತಿದ್ದ ಹಳೆಯ ಸ್ಮಾರಕ ಕಂಬ, ಒಂದು ಅರಮನೆಯದು, ಒಂದು ಅಲೆಕ್ಸಾಂಡ್ರಿಯಾದಿಂದ ಹಡಗಿನಲ್ಲಿ ಬಂದದ್ದು, ಇನ್ನೊಂದು ಲೆಬನಾನ್‌ನ ಬಾಲ್‌ಬೆಕ್‌ನದು.

ದೀಪದ ಹೊಗೆಯಿಂದ ಶಾಯಿ ಮಾಡುತ್ತಿದ್ದರಂತೆ, ಹೌದಾ?

ವಿದ್ಯುತ್ ಇಲ್ಲದ ಕಾಲ. ರಾತ್ರಿ ನಮಾಜಿಗೆ, ರಂಜಾನ್ ಇರುಳುಗಳಿಗೆ ಸಾಲುಸಾಲು ಎಣ್ಣೆ ದೀಪ ಉರಿಯಬೇಕು. ಅಷ್ಟು ದೀಪದ ಹೊಗೆ ಮೇಲೇರಿದರೆ ಕೆಲವೇ ವರ್ಷಗಳಲ್ಲಿ ಗುಮ್ಮಟ, ಬರಹ, ಬಣ್ಣ ಎಲ್ಲ ಕಪ್ಪು. ಅಡುಗೆಮನೆ ಒಲೆಯ ಮೇಲಿನ ಗೋಡೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಗಾಳಿಯ ಹರಿವನ್ನು ಮುಖ್ಯ ಬಾಗಿಲ ಕಡೆಗೆ ತಿರುಗಿಸಿದ್ದಾರೆ. ಆ ಬಾಗಿಲ ಮೇಲ್ಗಡೆ ಒಂದು ಕೋಣೆಯಿದೆ, ಮಸಿಯ ಕೋಣೆ. ಹೊಗೆ ಅಲ್ಲಿಗೆ ಹೋಗುತ್ತಿತ್ತು, ಮಸಿ ಅಲ್ಲಿ ಕೂರುತ್ತಿತ್ತು. ಅದನ್ನು ಕೆರೆದು ತೆಗೆದು ಶಾಯಿ ಅರೆಯುತ್ತಿದ್ದರು. ಬರಹಗಾರರಿಗೆ ಇದು ಬಹಳ ಮೆಚ್ಚಿನ ಶಾಯಿಯಾಗಿತ್ತು ಎನ್ನುತ್ತಾರೆ.

ದೀಪಗಳ ಚೌಕಟ್ಟಿನಲ್ಲಿ ಆಸ್ಟ್ರಿಚ್ ಮೊಟ್ಟೆಗಳನ್ನು ತೂಗಿಬಿಡುವ ರೂಢಿಯೂ ಇತ್ತು. ಜೇಡ ಬಲೆ ಕಟ್ಟದಿರಲಿ ಅಂತ.

ಸಿನಾನ್ ಮಸೀದಿಯೊಳಗೆ ಹುಕ್ಕಾ ಸೇದುತ್ತಿದ್ದ ಅನ್ನೋ ಕಥೆ?

ಕಥೆ ಹೀಗಿದೆ. ಕೆಲಸ ಬಿಟ್ಟು ಗುಮ್ಮಟದ ಕೆಳಗೆ ಕೂತು ಹುಕ್ಕಾ ಗುಡುಗುಡು ಅನ್ನಿಸುತ್ತಿದ್ದಾನೆ ಅಂತ ಯಾರೋ ಚಾಡಿ ಹೇಳಿದರು. ಸಿಟ್ಟಿನಿಂದ ಬಂದ ಸುಲ್ತಾನ ನೋಡಿದರೆ ಹುಕ್ಕಾದಲ್ಲಿ ತಂಬಾಕೇ ಇಲ್ಲ, ಬರೀ ನೀರು. ನೀರಿನ ಸದ್ದು ಮೂಲೆಮೂಲೆಗೆ ಹೇಗೆ ತಲುಪುತ್ತದೆ ಅಂತ ಸಿನಾನ್ ಪರೀಕ್ಷೆ ಮಾಡುತ್ತಿದ್ದ. ಕೇಳಲು ಚೆನ್ನಾಗಿದೆ. ಆದರೆ ತಂಬಾಕು ಒಟ್ಟೋಮನ್ ನಾಡಿಗೆ ಬಂದದ್ದೇ 1600ರ ಆಸುಪಾಸಿನಲ್ಲಿ. ಇದು ಆಮೇಲೆ ಹುಟ್ಟಿದ ಕಥೆ ಅಂತಲೇ ತಿಳಿಯಬೇಕು.

ನೆನಪುಗಳ ಪುಸ್ತಕದಲ್ಲಿರುವುದು ಬೇರೆ ಪ್ರಸಂಗ. ಕೆಲಸ ತಡವಾಗುತ್ತಿದೆ ಅಂತ ದೂರು ಹೋಗಿ, ಸುಲ್ತಾನ ಖುದ್ದು ಬಂದು ಯಾವಾಗ ಮುಗಿಸುತ್ತೀಯ ಅಂತ ಕೇಳುತ್ತಾನೆ. ಎರಡು ತಿಂಗಳು ಅಂತಾನೆ ಸಿನಾನ್. ಇವನಿಗೆ ತಲೆ ಕೆಟ್ಟಿದೆ ಅಂತ ಆಸ್ಥಾನವೆಲ್ಲ ಮಾತಾಡಿಕೊಳ್ಳುತ್ತದೆ. ಹೇಳಿದ ಅವಧಿಗೆ ಕೆಲಸ ಮುಗಿಯುತ್ತದೆ. ಬೀಗದಕೈ ಕೊಡಲು ಹೋದರೆ ಸುಲ್ತಾನ ಅದನ್ನು ಸಿನಾನ್ ಕೈಗೇ ಕೊಟ್ಟು, ಬಾಗಿಲು ನೀನೇ ತೆರೆ ಅನ್ನುತ್ತಾನೆ.

ಸದ್ದಿನ ಬಗ್ಗೆ ಸಿನಾನ್ ತಲೆ ಕೆಡಿಸಿಕೊಂಡಿದ್ದು ಮಾತ್ರ ದಿಟ. ಗುಮ್ಮಟದಲ್ಲಿ ಬಾಯಿ ಒಳಮುಖವಾಗಿರುವ ಟೊಳ್ಳು ಮಣ್ಣಿನ ಗಡಿಗೆಗಳನ್ನು ಹುದುಗಿಸಿದ್ದಾರೆ. ಸದ್ದು ಸುತ್ತಿ ಸುತ್ತಿ ಗೊಜಲಾಗದೆ, ಓದುವವನ ದನಿ ಹಿಂದಿನ ಸಾಲಿಗೂ ಬಿಡಿಬಿಡಿಯಾಗಿ ಕೇಳಲಿ ಅಂತ.

ನಮ್ಮ ಗೋಳಗುಮ್ಮಟಕ್ಕೂ ಇದಕ್ಕೂ ಏನು ವ್ಯತ್ಯಾಸ?

ವಿಜಯಪುರ ನೋಡಿದ ಪ್ರತಿಯೊಬ್ಬರೂ ಇದನ್ನು ಕೇಳಿಯೇ ಕೇಳುತ್ತಾರೆ. ಗೋಳಗುಮ್ಮಟ ಸುಮಾರು ನೂರು ವರ್ಷ ಆಮೇಲಿನದು, ಮೊಹಮ್ಮದ್ ಆದಿಲ್‌ಶಾನ ಸಮಾಧಿ. ಅದರ ಗುಮ್ಮಟ ಜಾಸ್ತಿ ಅಗಲ. ಒಳಗಿನ ಅಳತೆ ಹಿಡಿದರೂ ಸುಮಾರು 38 ಮೀಟರ್. ಅಲ್ಲಿ ಒಂದಕ್ಕೊಂದು ಹೆಣೆದುಕೊಂಡ ಕಮಾನುಗಳು ಚೌಕವನ್ನು ದುಂಡು ಮಾಡಿ ಗುಮ್ಮಟ ಹೊರುತ್ತವೆ, ಉಳಿದದ್ದನ್ನು ದಪ್ಪ ಗೋಡೆಗಳು ನೋಡಿಕೊಳ್ಳುತ್ತವೆ. ಸುಲೇಮಾನಿಯೆಯಲ್ಲಿ ಗೋಡೆ ತೆಳುವಾಗಿ, ಕಿಟಕಿ ತುಂಬಿಕೊಂಡು, ಭಾರ ಗುಮ್ಮಟದಿಂದ ಗುಮ್ಮಟಕ್ಕೆ ಇಳಿಯುತ್ತದೆ. ಅಲ್ಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಚಪ್ಪಾಳೆ ಮತ್ತೆ ಮತ್ತೆ ಕೇಳುತ್ತದೆ. ಇಲ್ಲಿ ಆ ಮಾರ್ದನಿಯನ್ನು ತಗ್ಗಿಸಲೆಂದೇ ಗಡಿಗೆ ಹುದುಗಿಸಿದ್ದು.

ಸಂಬಂಧ ಏನಾದರೂ ಇದೆಯೇ ಅಂದರೆ, ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಖಾನ್ ಒಟ್ಟೋಮನ್ ಸುಲ್ತಾನ ಎರಡನೇ ಮುರಾದನ ಮಗ ಅಂತ ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಈಗಿನ ಇತಿಹಾಸಕಾರರು ಅದನ್ನು ಸುಲಭಕ್ಕೆ ನಂಬುವುದಿಲ್ಲ. ಇನ್ನೊಂದು ಗಟ್ಟಿ ನಂಟು ಮಲಿಕ್-ಎ-ಮೈದಾನ್ ತೋಪು. ಈಗ ವಿಜಯಪುರದ ಬುರುಜಿನ ಮೇಲಿರುವ ಅದನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನು ಮೊಹಮ್ಮದ್ ಬಿನ್ ಹುಸೇನ್ ರೂಮಿ. ರೂಮಿ ಅಂದರೆ ಒಟ್ಟೋಮನ್ ಸೀಮೆಯವನು. ಅದರ ಮರುವರ್ಷವೇ ಸುಲೇಮಾನಿಯೆಗೆ ಅಡಿಪಾಯ ಹಾಕಿದ್ದು.

ಮಿನಾರುಗಳ ಲೆಕ್ಕಕ್ಕೆ ಅರ್ಥವಿದೆಯೇ?

ಸುಲೇಮಾನ್ ಇಸ್ತಾಂಬುಲ್ ಗೆದ್ದ ಮೇಲಿನ ನಾಲ್ಕನೇ ಸುಲ್ತಾನ, ಅದಕ್ಕೆ ನಾಲ್ಕು ಮಿನಾರು. ವಂಶದಲ್ಲಿ ಹತ್ತನೆಯವನು, ಅದಕ್ಕೆ ಅವುಗಳಲ್ಲಿ ಒಟ್ಟು ಹತ್ತು ಮೊಗಸಾಲೆ, ಅಂದರೆ ಮಿನಾರಿನ ಸುತ್ತ ಚಾಚಿದ ಬಾಲ್ಕನಿ. ಹೀಗಂತ ಹೇಳುತ್ತಾ ಬಂದಿದ್ದಾರೆ. ಮಸೀದಿಗೆ ಅಂಟಿದ ಎರಡು ಮಿನಾರು ಎತ್ತರ, ಮೂರು ಮೂರು ಮೊಗಸಾಲೆ. ಅಂಗಳದ ಆಚೆ ತುದಿಯ ಎರಡು ಗಿಡ್ಡ, ಎರಡೆರಡು. ಎತ್ತರ ತಗ್ಗು ಮಾಡಿದ್ದರಿಂದ ದೂರದಿಂದ ನೋಡುವವರ ಕಣ್ಣು ತಾನಾಗಿ ಗುಮ್ಮಟದ ಕಡೆ ಏರುತ್ತದೆ.

ಒಳಗೆ ಅಲಂಕಾರ ಕಡಿಮೆ ಅಂತ ಕೆಲವರಿಗೆ ಬೇಸರ. ಯಾಕೆ ಹಾಗೆ?

ಬೇಕೆಂದೇ ಕಡಿಮೆ. ಇಜ್ನಿಕ್ ಊರಿನ ಬಣ್ಣದ ಗೋಡೆ ಹೆಂಚುಗಳನ್ನು ಮಿಹ್ರಾಬ್, ಅಂದರೆ ಮೆಕ್ಕಾದ ದಿಕ್ಕು ತೋರಿಸುವ ಗೂಡು, ಇರುವ ಗೋಡೆಗಷ್ಟೇ ಹಾಕಿದ್ದಾರೆ. ಬಿಳಿ ಮೈ ಮೇಲೆ ನೀಲಿ, ಹಸಿರು ಮಿಶ್ರಿತ ನೀಲಿ, ಜತೆಗೆ ಕೆಂಪು. ಆ ಕೆಂಪನ್ನು ಹತ್ತಿರ ಹೋಗಿ ನೋಡಬೇಕು. ಆಗಿನ್ನೂ ಅದು ಇಜ್ನಿಕ್ ಕುಶಲಕರ್ಮಿಗಳಿಗೆ ಹೊಸತು. ಗಾಜಿನ ಲೇಪದ ಕೆಳಗೆ ಬಣ್ಣ ಸ್ವಲ್ಪ ಉಬ್ಬಿಕೊಂಡು, ಬೆರಳಿಗೆ ಸಿಗುವ ಹಾಗಿರುತ್ತದೆ. ಅದೇ ಗೋಡೆಯ ಬಣ್ಣದ ಗಾಜಿನ ಕಿಟಕಿಗಳ ಮೂಲಕ ಬೆಳಕು ಬರುತ್ತದೆ. ಬರಹಗಳು ಲಿಪಿಕಲಾವಿದ ಅಹ್ಮೆದ್ ಕರಾಹಿಸಾರಿಯ ಶಿಷ್ಯ ಹಸನ್ ಚೆಲೆಬಿಯ ಕೈಯವು. ಎಲ್ಲ ಗೋಡೆಗೂ ಹೆಂಚು ಹೊದಿಸಿದ್ದರೆ ಈ ಒಂದು ಗೋಡೆಗೆ ಇಷ್ಟು ಬೆಲೆ ಬರುತ್ತಿರಲಿಲ್ಲ. ಗುಮ್ಮಟದ ಬಣ್ಣದ ಕೆಲಸ ಮಾತ್ರ ಮೂಲದ್ದಲ್ಲ, ಆಮೇಲೆ ಹಲವು ಸಲ ಬದಲಾಗಿದೆ.

ಮಸೀದಿ ಸುತ್ತ ಇರುವ ಚಿಕ್ಕ ಚಿಕ್ಕ ಗುಮ್ಮಟಗಳ ಕಟ್ಟಡಗಳು ಏನು?

ಅವನ್ನು ಬಿಟ್ಟರೆ ಸುಲೇಮಾನಿಯೆ ಅರ್ಧ ನೋಡಿದ ಹಾಗೆ. ಇಡೀ ಸಮುಚ್ಚಯಕ್ಕೆ ‘ಕುಲ್ಲಿಯೆ’ ಅನ್ನುತ್ತಾರೆ. ನಾಲ್ಕು ದೊಡ್ಡ ಮದರಸಾ, ಹದೀಸ್ (ಪ್ರವಾದಿಯ ನುಡಿ ನಡೆಗಳ ದಾಖಲೆ) ಕಲಿಸುವ ಶಾಲೆ, ವೈದ್ಯಕೀಯ ಮದರಸಾ, ಆಸ್ಪತ್ರೆ, ಮಕ್ಕಳ ಶಾಲೆ, ಸ್ನಾನಗೃಹ, ಪ್ರಯಾಣಿಕರ ತಂಗುಮನೆ, ಅನ್ನಛತ್ರ, ಅಂಗಡಿ ಸಾಲು. ಕಡಲ ಕಡೆಯ ಎರಡು ಮದರಸಾಗಳನ್ನು ಇಳಿಜಾರಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದಾರೆ. ಪ್ರತಿ ಕೋಣೆಗೂ ಅದರದೇ ಗುಮ್ಮಟ, ಅದರದೇ ಹೊಗೆಗೂಡು.

ಒಬ್ಬ ಹುಡುಗ ಇಲ್ಲೇ ಅಕ್ಷರ ಕಲಿತು, ಇಲ್ಲೇ ಓದು ಮುಗಿಸಿ, ಕಾಯಿಲೆ ಬಿದ್ದರೆ ಇಲ್ಲೇ ಔಷಧಿ ತೆಗೆದುಕೊಂಡು, ಎರಡು ಹೊತ್ತು ಇಲ್ಲೇ ಉಂಡು ಬದುಕಬಹುದಿತ್ತು. ದೂರದಿಂದ ಬಂದವರಿಗೆ ಮೂರು ದಿನ ತಂಗಲು ಜಾಗ, ಊಟ. ಅದಕ್ಕೆಲ್ಲ ದುಡ್ಡು ಸುಲ್ತಾನನ ವಕ್ಫ್‌ನಿಂದ. ಹಳ್ಳಿಗಳ ಕಂದಾಯ, ಗಿರಣಿ, ಅಂಗಡಿಗಳ ಬಾಡಿಗೆ ಎಲ್ಲ ಬರೆದುಕೊಟ್ಟಿದ್ದರು. ಇಮಾಮರಿಂದ ಹಿಡಿದು ಅಡುಗೆಯವರು, ಪಾತ್ರೆ ತೊಳೆಯುವವರ ತನಕ ನೂರಾರು ಜನರಿಗೆ ಸಂಬಳ ಹೋಗುತ್ತಿತ್ತು. ಇಷ್ಟು ದೂರದ ಲೆಕ್ಕ ಹಾಕಿ ಕಟ್ಟಿದ್ದಕ್ಕೇ ಇದು ಬರೀ ಅರಸನ ಸ್ಮಾರಕವಾಗಿ ಉಳಿಯಲಿಲ್ಲ.

ಈಗ ಎರಡು ಮದರಸಾಗಳಲ್ಲಿ ಸುಲೇಮಾನಿಯೆ ಗ್ರಂಥಾಲಯವಿದೆ. ಅರಬ್ಬಿ, ಪಾರ್ಸಿ, ಒಟ್ಟೋಮನ್ ತುರ್ಕಿ ಹಸ್ತಪ್ರತಿಗಳ ಭಾರಿ ಸಂಗ್ರಹ. ಮದರಸಾಗಳ ಮುಂದಿನ ಬೀದಿಯಲ್ಲಿ ಒಂದು ಕಾಲಕ್ಕೆ ಅಫೀಮು ತಿನ್ನುವವರ ಕಾಫಿ ಅಂಗಡಿಗಳಿದ್ದವು. ಇವತ್ತು ಅಲ್ಲಿ ‘ಕುರು ಫಸೂಲ್ಯೆ’ ಹೋಟೆಲುಗಳು. ಬಿಳಿ ಬೀನ್ಸ್ ಕಾಳನ್ನು ಟೊಮೆಟೊ, ಬೆಣ್ಣೆ ಹಾಕಿ ಮೆತ್ತಗೆ ಬೇಯಿಸಿ, ಅನ್ನದ ಜೊತೆ ಕೊಡುತ್ತಾರೆ. ಸಸ್ಯಾಹಾರಿಗಳು ಮಾಂಸ ಹಾಕಿಲ್ಲವೇ ಅಂತ ಒಮ್ಮೆ ಕೇಳಿಕೊಳ್ಳಿ.

ಕಟ್ಟಿದವರು ಯಾರು? ಗುಲಾಮರಾ?

ಇದಕ್ಕೆ ಊಹೆ ಬೇಕಿಲ್ಲ, ಕಟ್ಟಡದ ಲೆಕ್ಕದ ಪುಸ್ತಕಗಳೇ ಉಳಿದಿವೆ. ತುರ್ಕಿಯ ಇತಿಹಾಸಕಾರ ಓಮರ್ ಲುತ್ಫಿ ಬರ್ಕಾನ್ ಅವನ್ನು ಓದಿ ಪ್ರಕಟಿಸಿದರು. ಸುಮಾರು ಮೂರೂವರೆ ಸಾವಿರ ಕುಶಲಕರ್ಮಿಗಳ ಹೆಸರು ಸಿಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಕ್ರೈಸ್ತರು. ದುಡಿಮೆಯ ಅರ್ಧಕ್ಕಿಂತ ಹೆಚ್ಚು ಪಾಲು ಕೂಲಿ ಪಡೆದು ದುಡಿದವರದ್ದು. ಉಳಿದದ್ದರಲ್ಲಿ ಬಹುಪಾಲು ಜಾನಿಸರಿ ತರಬೇತಿಯ ಹುಡುಗರದ್ದು. ಹಡಗಿನ ಗುಲಾಮರ ಪಾಲು ಸಣ್ಣದು, ಆದರೆ ಇತ್ತು.

ಅಲ್ಲಿ ಯಾರ ಯಾರ ಸಮಾಧಿ ಇದೆ?

ಮಿಹ್ರಾಬ್ ಗೋಡೆಯ ಹಿಂದಿನ ತೋಟದಲ್ಲಿ ಸುಲೇಮಾನ್ ಮತ್ತು ಅವನ ಹೆಂಡತಿ ಹುರ್ರೆಮ್. ಆಕೆ ತೀರಿಕೊಂಡದ್ದು 1558ರಲ್ಲಿ, ಮಸೀದಿ ತೆರೆದ ಮರುವರ್ಷ. ಸುಲ್ತಾನ 1566ರಲ್ಲಿ ಹಂಗೇರಿಯ ದಂಡಯಾತ್ರೆಯಲ್ಲಿ ಸತ್ತ. ಅವನ ಸಮಾಧಿ ಎಂಟು ಮೂಲೆಯದು, ಸುತ್ತ ಕಂಬಸಾಲಿನ ಮೊಗಸಾಲೆ. ಮಗಳು ಮಿಹ್ರಿಮಾ ಕೂಡ ಅಪ್ಪನ ಪಕ್ಕದಲ್ಲೇ ಇದ್ದಾಳೆ. ಸಿನಾನ್ ಸಮಾಧಿ ಆವರಣದ ಹೊರಗೆ, ಎರಡು ಬೀದಿ ಕೂಡುವ ಮೂಲೆಯಲ್ಲಿ. ತನಗಾಗಿ ತಾನೇ ಕಟ್ಟಿಕೊಂಡ ಪುಟ್ಟ ಜಾಗ, ತುದಿಯಲ್ಲಿ ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆ. ಹುಡುಕದೆ ಬರಬೇಡಿ.

ಭೂಕಂಪ, ಬೆಂಕಿ ತಡೆದುಕೊಂಡಿದೆಯೇ?

ಎಲ್ಲವನ್ನೂ ಅಲ್ಲ. 1660ರ ದೊಡ್ಡ ಬೆಂಕಿಯಲ್ಲಿ ಹಾನಿಯಾಯಿತು. 1766ರ ಭೂಕಂಪದಲ್ಲಿ ಗುಮ್ಮಟದ ಒಂದು ಭಾಗ ಕುಸಿಯಿತು. ಮೊದಲನೇ ಮಹಾಯುದ್ಧದ ಹೊತ್ತಿಗೆ ಅಂಗಳವನ್ನು ಶಸ್ತ್ರಾಗಾರ ಮಾಡಿಕೊಂಡಿದ್ದರು, ಮದ್ದುಗುಂಡಿಗೆ ಕಿಡಿ ಹತ್ತಿ ಇನ್ನೊಂದು ಬೆಂಕಿ. 1956ರಲ್ಲಿ ದುರಸ್ತಿ ಮುಗಿಯಿತು. 2007ರಿಂದ 2010ರವರೆಗೆ ಮತ್ತೆ ದೊಡ್ಡ ಜೀರ್ಣೋದ್ಧಾರ ನಡೆಯಿತು. ಮೂಲ ರಚನೆ ಮಾತ್ರ ಗಟ್ಟಿಯಾಗಿಯೇ ನಿಂತಿದೆ. ಕಲ್ಲುಗಳನ್ನು ಕಬ್ಬಿಣದ ಕೊಂಡಿಗಳಿಂದ ಬಿಗಿದು, ಸಂದಿಗೆ ಕರಗಿದ ಸೀಸ ಹೊಯ್ದಿರುವುದು ಇದಕ್ಕೆ ಒಂದು ಕಾರಣ.

ಈಗಿನ ಅಪಾಯ ಬೇರೆ ರೀತಿಯದು. 2014ರಲ್ಲಿ ಗೋಲ್ಡನ್ ಹಾರ್ನ್‌ಗೆ ಅಡ್ಡಲಾಗಿ ಮೆಟ್ರೋ ಸೇತುವೆ ಬಂತು. ಅದರ ಎತ್ತರದ ಕಂಬಗಳು ಗುಡ್ಡದ ಮೇಲಿನ ನೋಟ ಕೆಡಿಸುತ್ತವೆ ಅಂತ ಯುನೆಸ್ಕೊ ಆಕ್ಷೇಪಿಸಿತು. ಕಂಬಗಳನ್ನು ಗಿಡ್ಡ ಮಾಡಿದರು, ಆದರೂ ಕೆಲವು ಕಡೆಯಿಂದ ನೋಡಿದರೆ ತಂತಿಗಳು ಗುಮ್ಮಟಕ್ಕೆ ಅಡ್ಡ ಬರುತ್ತವೆ. ಮೆಟ್ರೋ ಬೇಕು, ಸರಿ. ನೋಟವೂ ಕಟ್ಟಡದ್ದೇ ಒಂದು ಭಾಗ ಅನ್ನೋದನ್ನು ಮೊದಲೇ ಯೋಚಿಸಬೇಕಿತ್ತು.

ಹೋಗುವುದು ಹೇಗೆ? ಯಾರಿಗೆ ಪ್ರವೇಶ?

ಎಲ್ಲರಿಗೂ, ಉಚಿತ. ಮೆಟ್ರೋದಲ್ಲಿ ವೆಜ್ನೆಜಿಲೆರ್ ನಿಲ್ದಾಣ, ಇಲ್ಲವೇ ಟ್ರಾಮ್‌ನಲ್ಲಿ ಬೆಯಾಜಿತ್. ಅಲ್ಲಿಂದ ವಿಶ್ವವಿದ್ಯಾಲಯದ ಗೋಡೆ ಪಕ್ಕ ನಡೆದರೆ ಸಾಕು. ಚಪ್ಪಲಿ ಬಿಡಬೇಕು, ಭುಜ ಮೊಣಕಾಲು ಮುಚ್ಚಿರಬೇಕು, ಹೆಂಗಸರು ತಲೆಗೆ ವಸ್ತ್ರ ಹಾಕಿಕೊಳ್ಳಬೇಕು. ನಮಾಜಿನ ಹೊತ್ತಿಗೆ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ, ಹಾಗಾಗಿ ಶುಕ್ರವಾರ ಮಧ್ಯಾಹ್ನ ಹೋಗಬೇಡಿ. ಬೆಳಗ್ಗೆ ಹೋದರೆ ಮಿಹ್ರಾಬ್ ಗೋಡೆಯ ಕಿಟಕಿಗಳಲ್ಲಿ ಬಿಸಿಲು ಸಿಗುತ್ತದೆ. ಮೊದಲು ಹೊರಗಿನ ಪಕ್ಕದ ಮೊಗಸಾಲೆ ನೋಡಿ, ಆಮೇಲೆ ಒಳಗೆ ಅದೇ ಗೋಡೆ ಹುಡುಕಿ. ಆಸರೆಗೋಡೆಗಳನ್ನು ಎಲ್ಲಿ ಅಡಗಿಸಿದ್ದಾರೆ ಅನ್ನೋದು ಆಗ ಗೊತ್ತಾಗುತ್ತದೆ.